ವೀರಪ್ಪನ್ ಸಿನಿಮಾಗಳಲ್ಲಿ ಇಲ್ಲದವರು

ಎ.ಎಂ.ಆರ್. ರಮೇಶ್ ನಿರ್ದೇಶನದ ‘ಅಟ್ಟಹಾಸ’ 2013ರ ಫೆಬ್ರುವರಿಯಲ್ಲಿ ತೆರೆಗೆ ಬಂದಾಗ ನಾನು ಹನೂರು ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದೆ. ಈಗ ನಿವೃತ್ತನಾಗಿದ್ದೇನೆ. ಮೊನ್ನೆ ಆ ಚಿತ್ರವನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ನೋಡಿದೆ. ವೀರಪ್ಪನ್ ಪಾತ್ರದ ಕಿಶೋರ್ ಈಗಲೂ ನಮ್ಮನ್ನು ಕೂತಲ್ಲೇ ಕಟ್ಟಿಹಾಕುತ್ತಾರೆ. ಮೀಸೆ, ಹಸಿರು ಬಟ್ಟೆ, ಹೆಗಲ ಮೇಲಿನ ಬಂದೂಕು ಯಾರು ಹಾಕಿಕೊಂಡರೂ ಬರುತ್ತವೆ. ಆದರೆ ಎದುರಿಗೆ ನಿಂತವನ ಮೇಲೆ ಒಂದು ಚೂರೂ ನಂಬಿಕೆಯಿಲ್ಲದ ಆ ಕಣ್ಣು ಒಳ್ಳೆಯ ನಟನಿಗೆ ಮಾತ್ರ ಒಲಿಯುತ್ತದೆ. ಕಿಶೋರ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಕಥೆಯ ಬಗ್ಗೆ.

ಕಾಡಿನಲ್ಲಿ ಒಬ್ಬ ಹಂತಕ, ಅವನ ಹಿಂದೆ ಬಿದ್ದ ಒಬ್ಬ ಅಧಿಕಾರಿ, ನಡುವೆ ಒಂದಾದ ಮೇಲೊಂದು ಕೊಲೆ, ಕೊನೆಗೆ ಆಂಬುಲೆನ್ಸು, ಗುಂಡು. ವೀರಪ್ಪನ್ ಬಗ್ಗೆ ಬಂದ ಸಿನಿಮಾಗಳು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿವೆ. ‘ಅಟ್ಟಹಾಸ’ದಲ್ಲಿ ಅಧಿಕಾರಿ ವಿಜಯಕುಮಾರ್ ಆಗಿ ಅರ್ಜುನ್ ಸರ್ಜಾ ಇದ್ದರು. 2016ರಲ್ಲಿ ರಾಮ್‌ಗೋಪಾಲ್ ವರ್ಮಾ ಅವರ ‘ಕಿಲ್ಲಿಂಗ್ ವೀರಪ್ಪನ್’ ಬಂದಾಗ ಬೇಟೆಗೆ ಹೊರಟವರು ಶಿವರಾಜ್‌ಕುಮಾರ್. ತಂದೆ ಡಾ. ರಾಜ್‌ಕುಮಾರ್ ಅವರನ್ನು ಹೊತ್ತೊಯ್ದವನ ಬೆನ್ನು ಹತ್ತುವ ಪಾತ್ರವನ್ನು ಮಗನೇ ಮಾಡಿದಾಗ ಚಿತ್ರಮಂದಿರದಲ್ಲಿ ಎದ್ದ ಶಿಳ್ಳೆಯ ಹಿಂದಿನ ನೋವು ನನಗೂ ಗೊತ್ತು. ಆದರೂ ಅದು ಇಬ್ಬರು ಗಂಡಸರ ನಡುವಿನ ಕಾಳಗವಾಗಿಯೇ ಉಳಿಯಿತು. ಈ ಇಬ್ಬರ ನಡುವೆ ಹದಿನೈದು ವರ್ಷ ಸಿಕ್ಕಿಬಿದ್ದಿದ್ದ ಊರುಗಳು ತೆರೆಯ ಮೇಲೆ ಬರೀ ಹಿನ್ನೆಲೆ. ಎರಡು ಗುಡಿಸಲು, ಓಡಿಹೋಗುವ ಕುರಿ, ಹೆದರಿದ ಒಂದು ಮುಖ, ಅಷ್ಟೆ.

ಆ ಊರುಗಳಲ್ಲಿ ನಾನಿದ್ದೆ. ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ಬಸ್ಸನ್ನು ದಾರಿಯಲ್ಲಿ ನಿಲ್ಲಿಸಿ ಎಲ್ಲರನ್ನೂ ಇಳಿಸುತ್ತಿದ್ದರು, ಚೀಲ ಬಿಚ್ಚಿಸುತ್ತಿದ್ದರು. ಸಂತೆಯಿಂದ ರಾಗಿ, ಬೆಲ್ಲ, ಬೀಡಿ ಕಟ್ಟು ಸ್ವಲ್ಪ ಜಾಸ್ತಿ ತಂದವನಿಗೆ ‘ಇಷ್ಟೊಂದು ಯಾರಿಗೆ?’ ಎಂಬ ಪ್ರಶ್ನೆ. ಮದುವೆ ಮನೆಯ ಅಕ್ಕಿ ಮೂಟೆಗೂ ಲೆಕ್ಕ ಕೊಡಬೇಕು. ಅತ್ತ ಕಾಡಿನವನಿಗೆ ಇನ್ನೊಂದು ಅನುಮಾನ: ಪೊಲೀಸರ ಜೊತೆ ಮಾತಾಡಿದವನೆಲ್ಲ ಮಾಹಿತಿದಾರ. ಆ ಅನುಮಾನ ಬಿದ್ದ ಮೇಲೆ ಜೀವ ಉಳಿಯುವುದು ಕಷ್ಟ. ಹೀಗಾಗಿ ಜನ ಮಾತಾಡುವುದನ್ನೇ ಬಿಟ್ಟರು. ನೆಲ್ಲಿಕಾಯಿ, ಸೀಗೆಕಾಯಿ, ಜೇನಿಗೆ ಕಾಡಿಗೆ ಹೋಗಿ ಬರುತ್ತಿದ್ದ ಸೋಲಿಗರು ಪೋಡಿನಿಂದಾಚೆ ಕಾಲಿಡಲು ಹೆದರುತ್ತಿದ್ದ ದಿನಗಳವು. ಹಾಜರಿ ಕರೆಯುವಾಗ ಹೆಸರಿದ್ದು ದನಿಯಿಲ್ಲದ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದರು. ಒಬ್ಬ ಹುಡುಗ, ಲೆಕ್ಕದಲ್ಲಿ ಚುರುಕು, ಅಪ್ಪ ಟಾಡಾ ಎಂಬ ಭಯೋತ್ಪಾದನೆ ವಿರೋಧಿ ಕಾಯ್ದೆಯ ಕೇಸಿನಲ್ಲಿ ಮೈಸೂರು ಜೈಲು ಸೇರಿದ ಮೇಲೆ ಶಾಲೆ ಬಿಟ್ಟು ದನ ಕಾಯಲು ಹೋದ. ಅಪ್ಪ ನಿರ್ದೋಷಿ ಎಂದು ತೀರ್ಪಾಗಿ ಮನೆಗೆ ಬರುವ ಹೊತ್ತಿಗೆ ಮಗನಿಗೆ ಶಾಲೆಯ ವಯಸ್ಸು ಕಳೆದಿತ್ತು.

ವೀರಪ್ಪನ್ ಕ್ರೌರ್ಯವನ್ನು ಕಡಿಮೆ ಮಾಡಿ ಹೇಳಲು ನಾನು ಈ ಮಾತು ಬರೆಯುತ್ತಿಲ್ಲ. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದವನು ಅವನು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಸುಳ್ಳು ಮಾಹಿತಿಯ ಬಲೆ ಹೆಣೆದು ಎಸ್ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದವರನ್ನು ಕೊಂದ. 1993ರ ಏಪ್ರಿಲ್ 9ರಂದು, ಗುಡ್ ಫ್ರೈಡೇ ದಿನ, ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಜನರ ಜೀವ ತೆಗೆದ. ಅವರಲ್ಲಿ ಪೊಲೀಸರಿದ್ದರು, ಅರಣ್ಯ ಇಲಾಖೆಯವರಿದ್ದರು, ಜೊತೆಗೆ ದಾರಿ ತೋರಿಸಲು ಬಂದ ಹಳ್ಳಿಯವರೂ ಇದ್ದರು. ಪಾಲಾರ್ ಹೆಸರು ಬಂದಾಗಲೆಲ್ಲ ನಾವು ಪೊಲೀಸರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆ ಹಳ್ಳಿಯವರನ್ನು ನೆನೆಯುವವರು ಅವರವರ ಮನೆಯವರು ಮಾತ್ರ.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಇಡೀ ವೀರಪ್ಪನ್ ಕಥೆಯಲ್ಲಿ ಬೇರೆ ದಾರಿಯೊಂದನ್ನು ತುಳಿದು ತೋರಿಸಿದವರು ಅವರು. ಆಂಧ್ರದ ರಾಜಮಂಡ್ರಿಯವರು, ಭಾರತೀಯ ಅರಣ್ಯ ಸೇವೆಯ ಅಧಿಕಾರಿ. 1986ರಲ್ಲಿ ವೀರಪ್ಪನ್ ಸಿಕ್ಕಿಬಿದ್ದಿದ್ದ, ಬೂದಿಪಡಗದ ಅರಣ್ಯ ವಸತಿಗೃಹದಿಂದ ತಪ್ಪಿಸಿಕೊಂಡ. ಆಮೇಲೆ ಶ್ರೀನಿವಾಸ್ ಹಿಡಿದ ದಾರಿ ಬಂದೂಕಿನದ್ದಲ್ಲ. ಅವರು ನೇರ ವೀರಪ್ಪನ್ ಹುಟ್ಟೂರಾದ ಗೋಪಿನಾಥಂಗೆ ಹೋದರು. ಊರಿನವರಿಗೆ ಔಷಧಿ ಕೊಡಿಸಿದರು, ಮನೆ ಕಟ್ಟಿಸಿಕೊಟ್ಟರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಆನೆ ದಂತಕ್ಕೂ ಗಂಧದ ಮರಕ್ಕೂ ಕೈ ಹಾಕದೆ ಬದುಕಬಹುದು ಎಂದು ಆ ಊರಿಗೆ ಮನವರಿಕೆ ಮಾಡಲು ವರ್ಷಗಟ್ಟಲೆ ಅಲ್ಲೇ ಬೇರು ಬಿಟ್ಟರು. ವೀರಪ್ಪನ್ ತಂಡದ ಕೆಲವರು ಅವರನ್ನು ನಂಬಿ ಶರಣಾದರು. ವೀರಪ್ಪನ್ ಕೂಡ ಶರಣಾಗುತ್ತಾನೆ ಎಂಬ ಮಾತು ನಂಬಿ 1991ರ ನವೆಂಬರ್ 10ರಂದು ಕಾಡಿನೊಳಗೆ ಹೋದರು. ಅಲ್ಲಿ ಅವರನ್ನು ಕೊಂದು ತಲೆ ಕಡಿದರು. ಮರಣೋತ್ತರವಾಗಿ ಕೀರ್ತಿಚಕ್ರ ಬಂತು.

ಸಿನಿಮಾದವರ ಕಣ್ಣಿಗೆ ಬೀಳುವುದು ಆ ಕೊನೆಯ ಗಳಿಗೆ. ಕೊಲೆಗಾರ ಎಷ್ಟು ಕ್ರೂರಿ ಎಂದು ತೋರಿಸಲು ಅದು ಅವರಿಗೆ ಬೇಕು. ನನಗೆ ಬೇಕಾದದ್ದು ಅದಕ್ಕೂ ಮೊದಲಿನ ವರ್ಷಗಳು. ತೆಲುಗು ನಾಡಿನ ಅಧಿಕಾರಿ, ಕರ್ನಾಟಕದ ಗಡಿಯಲ್ಲಿ, ತಮಿಳು ಮಾತಾಡುವ ಊರಿನ ಮನಸ್ಸು ಗೆದ್ದದ್ದು ಹೇಗೆ? ಮೊದಲ ದಿನ ಯಾವ ಮನೆಯ ಜಗಲಿಯ ಮೇಲೆ ಕೂತರು? ಯಾರು ನೀರು ಕೊಟ್ಟರು, ಯಾರು ಬಾಗಿಲು ಹಾಕಿಕೊಂಡರು? ಗೋಪಿನಾಥಂನಲ್ಲಿ ಇಂದಿಗೂ ಶ್ರೀನಿವಾಸ್ ಅವರನ್ನು ದೇವರ ಸಮಾನ ನೆನೆಯುವ ಹಿರಿಯರಿದ್ದಾರೆ. ವೀರಪ್ಪನ್ ಹುಟ್ಟಿದ ಊರೇ ಅವನಿಂದ ಸತ್ತವರನ್ನು ಪೂಜಿಸುತ್ತದೆ ಎನ್ನುವುದಕ್ಕಿಂತ ದೊಡ್ಡ ಕಥೆ ಬೇರೆ ಯಾವುದಿದೆ? ಇದನ್ನು ಬಿಟ್ಟು ಮೀಸೆಯ ಹಿಂದೆಯೇ ಕ್ಯಾಮೆರಾ ಓಡುತ್ತಿರುವುದು ನನಗೆ ಸಂಕಟ ತರುತ್ತದೆ.

ಶ್ರೀನಿವಾಸ್ ಹೋದ ಮೇಲೆ ಆ ದಾರಿ ಮುಚ್ಚಿತು, ಬಂದೂಕಿನದ್ದೇ ಉಳಿಯಿತು. ವೀರಪ್ಪನ್ ಬೇಟೆಗೆ ರಚಿಸಿದ್ದ ವಿಶೇಷ ಕಾರ್ಯಪಡೆಯ ಮೇಲೆ ದೌರ್ಜನ್ಯದ ದೂರುಗಳು ಹೆಚ್ಚಿದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಹಳ್ಳಿಯವರು, ಹೆಂಗಸರೂ ಸೇರಿ, ಸಮಿತಿಯ ಎದುರು ಬಂದು ಹೇಳಿಕೊಂಡರು. ಬೆಟ್ಟದ ಮೇಲಿನ ವಿಚಾರಣಾ ಜಾಗಕ್ಕೆ ‘ವರ್ಕ್‌ಶಾಪ್’ ಎನ್ನುತ್ತಿದ್ದರು ಎಂಬುದು ಹೊರಗಿನವರಿಗೆ ತಿಳಿದದ್ದು ಅಂಥವರ ಬಾಯಿಂದ. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಇದು ಕಟ್ಟುಕಥೆಯಲ್ಲ, ಸರ್ಕಾರದ ಕಡತದಲ್ಲಿರುವ ಸಂಗತಿ. ‘ಅಟ್ಟಹಾಸ’ ಬಂದದ್ದು ಅದಾಗಿ ಆರು ವರ್ಷದ ಮೇಲೆ. ಆದರೂ ಆ ಚಿತ್ರದಲ್ಲಿ ಈ ನೋವಿಗೆ ಸಿಗಬೇಕಾದ ತೂಕ ಸಿಗಲಿಲ್ಲ. ಪೊಲೀಸರ ತ್ಯಾಗ ತೋರಿಸುವುದಕ್ಕೂ ಹಳ್ಳಿಯವರ ಸಂಕಟ ತೋರಿಸುವುದಕ್ಕೂ ವಿರೋಧವಿಲ್ಲ. ಹರಿಕೃಷ್ಣ, ಶಕೀಲ್ ಅವರಂಥ ಅಧಿಕಾರಿಗಳ ಗೌರವ ಇದರಿಂದ ಕುಗ್ಗುವುದೂ ಇಲ್ಲ.

ಬಿಡುಗಡೆಗೆ ಮೊದಲು ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿ ಈ ಚಿತ್ರದ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದರು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ನಿರ್ಮಾಪಕರು ಅವರಿಗೆ 25 ಲಕ್ಷ ರೂಪಾಯಿ ಕೊಡುವಲ್ಲಿಗೆ ಇತ್ಯರ್ಥವಾಯಿತು. ಆಕೆ ಕೇಳಿದ್ದು ತಪ್ಪು ಎಂದು ನಾನು ಹೇಳಲಾರೆ. ಗಂಡ ಕೊಲೆಗಾರನಾದರೂ ಆಕೆಯ ಬದುಕು ಆಕೆಯದ್ದು, ಅದನ್ನು ತೆರೆಗೆ ಎಳೆಯುವವರು ಅನುಮತಿ ಕೇಳಬೇಕು. ಆದರೆ ಸತ್ತವರ ಮನೆಗಳಿಗೆ ಹೋಗಿ ಯಾರು ಅನುಮತಿ ಕೇಳಿದರು? ಪಾಲಾರ್‌ನಲ್ಲಿ ಸತ್ತ ಹಳ್ಳಿಯವನ ಹೆಂಡತಿಗೆ ವಕೀಲರಿಲ್ಲ, ದೆಹಲಿಯ ದಾರಿ ಗೊತ್ತಿಲ್ಲ. ನಿಜಜೀವನದ ಅಪರಾಧದ ಮೇಲೆ ಚಿತ್ರ ಮಾಡುವವರು ಮೊದಲು ನಿಲ್ಲಬೇಕಾದದ್ದು ಅಂಥ ಮನೆಯ ಬಾಗಿಲಲ್ಲಿ.

‘ಅಟ್ಟಹಾಸ’ ಬಂದ 2013ರ ಫೆಬ್ರುವರಿಯಲ್ಲೇ ಇನ್ನೊಂದು ಸುದ್ದಿಯೂ ಬಂತು. ಪಾಲಾರ್ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ವೀರಪ್ಪನ್‌ನ ನಾಲ್ವರು ಸಹಚರರ ಕ್ಷಮಾದಾನ ಅರ್ಜಿಯನ್ನು ರಾಷ್ಟ್ರಪತಿ ತಿರಸ್ಕರಿಸಿದ್ದರು. ಅವರಿಗೆ ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಕೊಟ್ಟದ್ದು ಜೀವಾವಧಿ. ಅವರೇ ಮೇಲ್ಮನವಿ ಹೋದಾಗ 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತ್ತು. ಚಿತ್ರಮಂದಿರದಲ್ಲಿ ವೀರಪ್ಪನ್ ಕಥೆ ಮುಗಿಯುತ್ತಿದ್ದಾಗ ಜೈಲಿನಲ್ಲಿ ಆ ನಾಲ್ವರು ಹಗ್ಗದ ದಾರಿ ಕಾಯುತ್ತಿದ್ದರು. ವಿಳಂಬದ ಕಾರಣಕ್ಕೆ 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟ್ ಗಲ್ಲನ್ನು ಮತ್ತೆ ಜೀವಾವಧಿಗೆ ಇಳಿಸಿತು. ಸಿನಿಮಾ 2004ರ ಅಕ್ಟೋಬರ್ 18ರ ರಾತ್ರಿ ಪಾಪ್ಪಾರಪಟ್ಟಿಯಲ್ಲಿ ವೀರಪ್ಪನ್‌ನನ್ನು ಕೊಂದ ಗುಂಡಿನ ಸದ್ದಿಗೆ ಮುಗಿದುಬಿಡುತ್ತದೆ. ನಮ್ಮ ಕಡೆಯ ಜನಕ್ಕೆ ಅದು ಅಲ್ಲಿಗೆ ಮುಗಿಯಲಿಲ್ಲ.

ಇನ್ನು ಡಾ. ರಾಜ್‌ಕುಮಾರ್ ಅಪಹರಣ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಅಣ್ಣಾವ್ರನ್ನು ಹೊತ್ತೊಯ್ದ ಮೇಲೆ 108 ದಿನ ಕನ್ನಡ ನಾಡು ಊಟ ಬಿಟ್ಟಂತೆ ಇತ್ತು. ನಾನೂ ಅವರ ಅಭಿಮಾನಿ, ಆ ದಿನಗಳಲ್ಲಿ ಮಾದಪ್ಪನಿಗೆ ಹರಕೆ ಹೊತ್ತವನು. ‘ಅಟ್ಟಹಾಸ’ದಲ್ಲಿ ಸುರೇಶ್ ಒಬೆರಾಯ್ ಆ ಪಾತ್ರವನ್ನು ಮರ್ಯಾದೆಯಿಂದ ಮಾಡಿದ್ದಾರೆ. ಆದರೆ ಆ 108 ದಿನಗಳ ನಡುವೆ ಬೆಂಗಳೂರು, ದೆಹಲಿಯಲ್ಲಿ ನಡೆದದ್ದೇನು? ಟಾಡಾ ಬಂದಿಗಳನ್ನು ಬಿಡಬೇಕೆಂದು ವೀರಪ್ಪನ್ ಪಟ್ಟು ಹಿಡಿದ. ಸರ್ಕಾರ ಮೊಕದ್ದಮೆ ಹಿಂತೆಗೆದುಕೊಳ್ಳಲು ಹೊರಟಿತು. ಆಗ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಅಬ್ದುಲ್ ಕರೀಂ, ಮೀಣ್ಯಂನಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ. ಮಗನನ್ನು ಕೊಂದ ಪ್ರಕರಣವನ್ನು ಹೀಗೆ ಕೈಬಿಡಬೇಡಿ ಎಂದರು. ನವೆಂಬರ್ 7ರಂದು ತೀರ್ಪು ಅವರ ಪರ ಬಂತು. ಅದಾಗಿ ವಾರ ಕಳೆಯುತ್ತಿದ್ದಂತೆ ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು.

ಆ ತಂದೆಯ ಸ್ಥಿತಿಯನ್ನು ಯೋಚಿಸಿ ನೋಡಿ. ಇಡೀ ರಾಜ್ಯ ಒಬ್ಬ ದೊಡ್ಡ ನಟನ ಜೀವಕ್ಕಾಗಿ ಕೈಮುಗಿದು ನಿಂತಿದೆ. ತನ್ನ ಅರ್ಜಿಯಿಂದ ಆ ಜೀವಕ್ಕೆ ಅಪಾಯವಾದೀತು ಎಂದು ನಾಳೆ ಯಾರಾದರೂ ಹೇಳಬಹುದು. ಹಾಗಿದ್ದೂ ಅವರು ಹೋದರು, ಕಾನೂನು ಎಲ್ಲರಿಗೂ ಒಂದೇ ಆಗಿರಲಿ ಎಂದು ಕೇಳಿದರು. ಇನ್ನೊಂದು ಕಡೆಯಿಂದ ನೋಡಿದರೆ, ಆ ಬಂದಿಗಳಲ್ಲಿ ಬಹುತೇಕರು ತಪ್ಪಿತಸ್ಥರಲ್ಲ ಎಂದು ಮೈಸೂರಿನ ನ್ಯಾಯಾಲಯ ಮರುವರ್ಷವೇ ಹೇಳಿತು. ನನ್ನ ಶಾಲೆಯ ಆ ಹುಡುಗನ ಅಪ್ಪನೂ ಅವರಲ್ಲೊಬ್ಬ. ಕರೀಂ ಅವರ ನ್ಯಾಯವೂ ನಿಜ, ಆ ಹುಡುಗನ ಅನ್ಯಾಯವೂ ನಿಜ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಬಲ್ಲ ನಿರ್ದೇಶಕ ಕನ್ನಡಕ್ಕೆ ಬೇಕು. ಅದಕ್ಕೆ ಒಂದು ಹನಿ ರಕ್ತ ತೋರಿಸುವ ಅಗತ್ಯವೂ ಇಲ್ಲ.

2002ರ ಆಗಸ್ಟ್ 25ರಂದು ವೀರಪ್ಪನ್ ಕಾಮಗೆರೆಯಿಂದ ಅಪಹರಿಸಿದ ಮಾಜಿ ಸಚಿವ ಎಚ್. ನಾಗಪ್ಪ ಡಿಸೆಂಬರ್ 8ರಂದು ಹೆಣವಾಗಿ ಸಿಕ್ಕರು. ನಮ್ಮ ಕಡೆ ಅವರ ಮನೆಯ ಬಾಗಿಲಿಗೆ ಹೋಗಿ ಕಷ್ಟ ಹೇಳಿಕೊಳ್ಳದ ಊರಿರಲಿಲ್ಲ. ಆದರೆ ರಾಜ್‌ಕುಮಾರ್ ಅವರಿಗಾಗಿ ನಿದ್ದೆಗೆಟ್ಟ ಹಾಗೆ ರಾಜ್ಯ ಇವರಿಗಾಗಿ ನಿದ್ದೆಗೆಡಲಿಲ್ಲ. ಆ ವ್ಯತ್ಯಾಸದ ಬಗ್ಗೆಯೂ ಒಂದು ಸಿನಿಮಾ ಮಾತಾಡಬೇಕಿತ್ತು.

2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ದಿ ಹಂಟ್ ಫಾರ್ ವೀರಪ್ಪನ್’ ಸಾಕ್ಷ್ಯಚಿತ್ರ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿತು. ಅಲ್ಲಿ ಮುತ್ತುಲಕ್ಷ್ಮಿ ಮಾತಾಡುತ್ತಾರೆ, ಪೊಲೀಸರೂ ಮಾತಾಡುತ್ತಾರೆ, ನೋಡುವವನು ಇಬ್ಬರ ಮುಖವನ್ನೂ ನೋಡಿ ತೂಗಬೇಕು. ಕನ್ನಡದ ಕಥಾಚಿತ್ರ ಇದಕ್ಕಿಂತ ಮುಂದೆ ಹೋಗಬಲ್ಲದು. ಬೆಟ್ಟದ ಭಾಷೆ, ಸೋಲಿಗರ ಹಾಡು, ಮಾದಪ್ಪನ ಪರಿಷೆ, ಗಡಿ ಊರಿನ ತಮಿಳು ಬೆರೆತ ಕನ್ನಡ ಎಲ್ಲವೂ ನಮ್ಮ ಕಿವಿಯಲ್ಲೇ ಇವೆ. ಮುಂಬೈಯವರಾಗಲಿ ಚೆನ್ನೈಯವರಾಗಲಿ ಇದನ್ನು ನಮಗಿಂತ ಚೆನ್ನಾಗಿ ಮಾಡಲಾರರು.

‘ಅಟ್ಟಹಾಸ’ಕ್ಕಿಂತ ಮೊದಲು ಇದೇ ರಮೇಶ್ ಅವರು ‘ಸಯನೈಡ್’ ಮಾಡಿದ್ದರು. ರಾಜೀವ್ ಗಾಂಧಿ ಹಂತಕರು ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಕಳೆದ ಕೊನೆಯ ದಿನಗಳ ಆ ಚಿತ್ರದಲ್ಲಿ ಹಂತಕರಷ್ಟೇ ಮುಖ್ಯವಾಗಿದ್ದವರು ಅವರಿಗೆ ಜಾಗ ಕೊಟ್ಟು ಸಿಕ್ಕಿಕೊಂಡ ಸಾಮಾನ್ಯ ಗಂಡ ಹೆಂಡತಿ. ಹಾಗಾಗಿಯೇ ಅದು ಇಂದಿಗೂ ‘ಅಟ್ಟಹಾಸ’ಕ್ಕಿಂತ ದೊಡ್ಡ ಚಿತ್ರ ಎಂಬುದು ನನ್ನ ತೀರ್ಮಾನ. ಅದೇ ಕಣ್ಣು ಬೆಟ್ಟದ ಊರುಗಳ ಕಡೆಗೂ ತಿರುಗಿದ್ದರೆ ನಮಗೆ ಬೇರೆಯೇ ಸಿನಿಮಾ ಸಿಗುತ್ತಿತ್ತು.

ವೀರಪ್ಪನ್ ಬಗ್ಗೆ ಇನ್ನೊಂದು ಚಿತ್ರ ಮಾಡಲು ಹೊರಡುವ ಯುವ ನಿರ್ದೇಶಕರಲ್ಲಿ ನನ್ನದೊಂದು ವಿನಂತಿ. ಚಿತ್ರಕಥೆಗೆ ಕೂರುವ ಮುನ್ನ ಸದಾಶಿವ ಸಮಿತಿಯ ವರದಿಯನ್ನೂ, ಅಬ್ದುಲ್ ಕರೀಂ ಅರ್ಜಿಯ ಮೇಲಿನ ಸುಪ್ರೀಂ ಕೋರ್ಟ್ ತೀರ್ಪನ್ನೂ ಓದಿ. ಆಮೇಲೆ ಗೋಪಿನಾಥಂಗೆ ಬಂದು ಶ್ರೀನಿವಾಸ್ ಅವರನ್ನು ಕಂಡ ಹಿರಿಯರ ಜೊತೆ ಕೂತು ಮಾತಾಡಿ. ಅವರಿಗೆಲ್ಲ ವಯಸ್ಸಾಗಿದೆ, ತಡಮಾಡಬೇಡಿ.