“ನಿನ್ನ ಇಷ್ಟದಂತೆಯೇ ಆಗಲಿ”

ಇಂಗ್ಲಿಷಿನಲ್ಲಿ ‘ಹ್ಯಾವ್ ಇಟ್ ಯುವರ್ ಓನ್ ವೇ’ ಎಂಬ ನುಡಿಗಟ್ಟೊಂದುಂಟು. ಪದಕ್ಕೆ ಪದವಿಟ್ಟು ಕನ್ನಡಿಸಹೊರಟ ವಿದ್ಯಾರ್ಥಿನಿಯು ನಗೆಗೀಡಾಗುವಳು. ‘ನಿನ್ನ ಇಷ್ಟದಂತೆಯೇ ಆಗಲಿ’ ಎಂಬುದೇ ಅದರ ತಾತ್ಪರ್ಯ. ಆದರೆ ಆಂಗ್ಲರು ಈ ಮಾತನ್ನು ಸಂತೋಷದಿಂದ ಆಡುವುದು ವಿರಳ. ವಾದದಲ್ಲಿ ಬೇಸತ್ತು, ಮುಖ ತಿರುಗಿಸಿಕೊಂಡು ಆಡುವುದೇ ಹೆಚ್ಚು. ನಮ್ಮ ಮನೆಗಳಲ್ಲಿ ಕೇಳಿಬರುವ ‘ನಿನ್ನಿಷ್ಟ, ಏನಾದರೂ ಮಾಡಿಕೋ’ ಎಂಬ ಮಾತಿನ ಧ್ವನಿಯೂ ಇದೇ ಅಲ್ಲವೆ? ಅದನ್ನು ಕೇಳಿದ ಮಗಳಿಗೆ ಅಪ್ಪಣೆ ದೊರೆತಂತೆಯೂ ಆಗುವುದು, ಮನೆಯ ಬಾಗಿಲು ಮುಚ್ಚಿದಂತೆಯೂ ಆಗುವುದು.

ಇಂತಹ ಒಪ್ಪಿಗೆಯನ್ನು ಒಪ್ಪಿಗೆಯೆಂದು ನಾವು ಎಣಿಸಲಾರೆವು.

ಫ್ಲಾರೆನ್ಸ್ ನೈಟಿಂಗೇಲ್ ಅವರ ಚರಿತ್ರೆಯನ್ನು ನಮ್ಮ ವಾಚಕರು ಶಾಲೆಯಲ್ಲಿ ಓದಿಯೇ ಇರುವರು. ಆದರೆ ಪಾಠಗಳು ಸಾಮಾನ್ಯವಾಗಿ ಆಕೆಯ ದೀಪವನ್ನು ಹೇಳಿ, ಆಕೆಯ ಮನೆಯನ್ನು ಬಿಟ್ಟುಬಿಡುವುವು. 1845ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಆಕೆ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಯನ್ನು ಕಲಿಯಬಯಸಿದರು. ಮನೆಯವರು ಕೇಳಿ ಬೆಚ್ಚಿದರು. ತಾಯಿಯನ್ನು ನಾವು ದೂಷಿಸಲಾರೆವು: ಅಂದಿನ ಆಸ್ಪತ್ರೆಗಳು ಕೊಳಕು, ದಾದಿಯರೆಂದರೆ ಕುಡಿಯುವವರೆಂಬ ಅಪಖ್ಯಾತಿ, ಹೆತ್ತ ಕರುಳಿನ ಭಯವು ಸುಳ್ಳಾಗಿರಲಿಲ್ಲ. ಆರು ವರ್ಷಗಳು ಹೀಗೆಯೇ ಸವೆದುವು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿನಲ್ಲಿ ಕೆಲವು ತಿಂಗಳು ಕಲಿಯಲು ಹೋದರಾದರೂ, ಮನೆಯಲ್ಲಿ ಯಾರ ಮುಖವೂ ಅರಳಲಿಲ್ಲ. 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಒಂದು ಶುಶ್ರೂಷಾಲಯದ ಮೇಲ್ವಿಚಾರಣೆ ಆಕೆಗೆ ದೊರೆಯಿತು. ಆಗ ತಂದೆಯು ಮಗಳಿಗೆ ವರ್ಷಕ್ಕೆ 500 ಪೌಂಡುಗಳನ್ನು ಗೊತ್ತುಮಾಡಿದನು. ಮರುವರ್ಷವೇ ಆಕೆ 38 ಮಂದಿ ದಾದಿಯರೊಡನೆ ಸ್ಕುಟಾರಿಗೆ ಹೊರಟರು.

ಆ 500 ಪೌಂಡುಗಳನ್ನೇ ನಾವು ನಿಜವಾದ ಒಪ್ಪಿಗೆಯೆನ್ನುವೆವು. ಎಂಟು ವರ್ಷ ತಡವಾಯಿತು, ಅದು ಬೇರೆ ಮಾತು.

ಮಕ್ಕಳು ಕೇಳಿದ್ದಕ್ಕೆಲ್ಲ ತಲೆದೂಗಬೇಕೆಂದು ನಾವು ಹೇಳುತ್ತಿಲ್ಲ. ಬೇಡವೆಂಬುದಕ್ಕೆ ಕಾರಣವಿದ್ದರೆ ಬೇಡವೆಂದೇ ಹೇಳಿರಿ; ಮಗಳು ಎದುರುತ್ತರ ಕೊಟ್ಟಾಳು, ಕೊಡಲಿ. ಆದರೆ ಹೋಗೆಂದ ಮೇಲೆ ಪೆಟ್ಟಿಗೆ ಕಟ್ಟುವಾಗ ಒಳಕೋಣೆಯಲ್ಲಿ ಕುಳಿತಿರಬೇಡಿರಿ. ‘ನನಗೆ ಮನಸ್ಸಿಲ್ಲ ಮಗು, ಆದರೂ ರೈಲು ಹತ್ತಿಸಲು ನಾನೇ ಬರುತ್ತೇನೆ’ ಎಂದು ಹೇಳುವ ತಾಯಂದಿರನ್ನು ನಾವು ಕಂಡಿದ್ದೇವೆ. ಅವರ ಹೆಣ್ಣುಮಕ್ಕಳು ಊರು ಸೇರಿದೊಡನೆಯೇ ಕಾಗದ ಬರೆಯುತ್ತಿದ್ದರು.