ಕಿವಿ ಕೊಯ್ದುಕೊಂಡ ಕಥೆ, ಗೆರೆ ಕಲಿತ ಕಥೆ

ಕಳೆದ ಭಾನುವಾರ ಸಂಜೆ ನನ್ನ ಹಳೆಯ ಮಿತ್ರರೊಬ್ಬರು ಮನೆಗೆ ಬಂದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವರು. ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಮೆಯಾದರೂ ಅವರಿಗೆ ಅಂದು ಊಟ ಸೇರದು. ಅಂಥವರು ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು, ಕುಡಿಯುವುದನ್ನೇ ಮರೆತು, ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತರು. ಕೊನೆಗೆ ಬಾಯಿ ಬಿಟ್ಟರು:

"ನನ್ನ ಮಗಳು ಇಂಜಿನಿಯರಿಂಗ್ ಬೇಡವೆನ್ನುತ್ತಾಳೆ ಸ್ವಾಮಿ. ಚಿತ್ರಕಲಾ ಶಾಲೆಗೆ ಸೇರುತ್ತಾಳಂತೆ. ಅರ್ಜಿ ಕೊಡುವುದಕ್ಕೆ ಉಳಿದಿರುವುದು ಹತ್ತೇ ದಿನ. ನೀವು ಸಿನಿಮಾ ವಿಚಾರ ಬರೆಯುವವರು, ನಿಮ್ಮನ್ನೇ ಕೇಳುತ್ತೇನೆ. ಕಲಾವಿದರ ಮೇಲಿನ ಸಿನಿಮಾಗಳನ್ನು ನಾನೂ ಒಂದೆರಡು ನೋಡಿದ್ದೇನೆ. ಒಂದರಲ್ಲಿ ಅವನು ಕಿವಿ ಕೊಯ್ದುಕೊಳ್ಳುತ್ತಾನೆ. ಇನ್ನೊಂದರಲ್ಲಿ ಅವಳು ಹುಚ್ಚಾಸ್ಪತ್ರೆ ಸೇರುತ್ತಾಳೆ. ತಿಳಿದೂ ತಿಳಿದೂ ಮಗಳನ್ನು ಆ ದಾರಿಗೆ ಕಳಿಸಲೆ?"

ನಕ್ಕು ತಳ್ಳಿಹಾಕುವ ಮಾತು ಇದಲ್ಲ. ಚಿತ್ರಕಾರನೊಬ್ಬನನ್ನು ಹತ್ತಿರದಿಂದ ಬಲ್ಲ ಮನೆಗಳು ನಮ್ಮಲ್ಲಿ ಎಷ್ಟಿವೆ? ಆತನ ವಿಷಯವಾಗಿ ನಮಗಿರುವ ತಿಳಿವಳಿಕೆಯೆಲ್ಲ ಹೆಚ್ಚಾಗಿ ಬೆಳ್ಳಿತೆರೆಯಿಂದಲೇ ಬಂದುದು. ಆದುದರಿಂದ ಮಿತ್ರರ ಪ್ರಶ್ನೆಯನ್ನು ಹಿಡಿದು, ಆ ಸಿನಿಮಾಗಳನ್ನು ಮತ್ತೊಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದೆಂದು ತೋರಿತು.

ಕಿವಿ ಕೊಯ್ದುಕೊಂಡ ಕಥೆ ವಿನ್ಸೆಂಟ್ ವ್ಯಾನ್ ಗೋನದು. ಸಿನಿಮಾ 1956ರ 'ಲಸ್ಟ್ ಫಾರ್ ಲೈಫ್'; ನಿರ್ದೇಶಕ ವಿನ್ಸೆಂಟ್ ಮಿನೆಲ್ಲಿ. ವ್ಯಾನ್ ಗೋ ಆಗಿ ಕರ್ಕ್ ಡಗ್ಲಸ್ ಮೈಮರೆತು ನಟಿಸಿದ. ಗೆಳೆಯ ಗೋಗ್ಯಾನ ಪಾತ್ರದಲ್ಲಿ ಸ್ವಲ್ಪವೇ ಹೊತ್ತು ಕಾಣಿಸಿಕೊಳ್ಳುವ ಆಂಥೊನಿ ಕ್ವಿನ್, ಪೋಷಕನಟನಿಗೆ ಮೀಸಲಾದ ಆಸ್ಕರನ್ನು ಹೊತ್ತುಕೊಂಡು ಹೋದ. ನೋಡಿ ಹೊರಬಂದವರ ನೆನಪಿನಲ್ಲಿ ಉಳಿಯುವುದು ರಕ್ತ, ಜಗಳ, ಕಣ್ಣೀರು. ಆದರೆ ಲೆಕ್ಕ ಬಲ್ಲ ನನ್ನ ಮಿತ್ರರ ಮುಂದೆ ನಾನು ಲೆಕ್ಕವನ್ನೇ ಇಟ್ಟೆ. ವ್ಯಾನ್ ಗೋ ಚಿತ್ರಕಲೆಯೇ ತನ್ನ ಕಸುಬೆಂದು ನಿಶ್ಚಯಿಸಿದುದು 1880ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ. ರೇಖಾಭ್ಯಾಸದ ಪಾಠಹಾಳೆಗಳನ್ನು ಮುಂದಿಟ್ಟುಕೊಂಡು, ಕೈ ಸೋಲುವವರೆಗೆ ನಕಲು ಮಾಡುತ್ತಿದ್ದ. 1886ರಲ್ಲಿ, ವಯಸ್ಸು ಮೂವತ್ತು ದಾಟಿದ ಮೇಲೆ, ಆಂಟ್‌ವರ್ಪಿನ ಕಲಾಶಾಲೆಗೆ ಸೇರಿ ಹುಡುಗರ ನಡುವೆ ಕುಳಿತ. ಗುರುಗಳೊಡನೆ ಹೊಂದಿಕೆಯಾಗದೆ ಕೆಲವೇ ವಾರಗಳಲ್ಲಿ ಹೊರಬಿದ್ದ. 1890ರಲ್ಲಿ 37ನೆಯ ವಯಸ್ಸಿಗೆ ತೀರಿಕೊಂಡ. ಹತ್ತು ವರ್ಷದ ಈ ಕಲಾಜೀವನದಲ್ಲಿ ಕಿವಿಯ ಪಾಲಿಗೆ ಬರುವುದು 1888ರ ಡಿಸೆಂಬರಿನ ಒಂದೇ ರಾತ್ರಿ. ಉಳಿದ ದಿನಗಳೆಲ್ಲ ಗೆರೆಗೂ ಬಣ್ಣಕ್ಕೂ ಸಂದವು.

ಜೇಮ್ಸ್ ಡೊನಾಲ್ಡ್ ಅಭಿನಯಿಸಿದ ತಮ್ಮ ಥಿಯೋನ ಪಾತ್ರವನ್ನೂ ಮರೆಯಬಾರದು. ಅಣ್ಣನ ಅನ್ನ, ಬಣ್ಣ, ಬಾಡಿಗೆಗಳಿಗೆ ವರ್ಷಗಟ್ಟಲೆ ಹಣ ಕಳಿಸಿದವನು ಆತನೇ. ಲೋಕ ಹುಚ್ಚನೆಂದವನಿಗೆ ಮನೆಯವನೊಬ್ಬ ಬೆನ್ನು ಕೊಟ್ಟು ನಿಂತಿದ್ದನೆಂಬುದೂ ಆ ಸಿನಿಮಾದ ಕಥೆಯೇ.

ಇನ್ನು ಹುಚ್ಚಾಸ್ಪತ್ರೆಯ ಮಾತು. ಅದು 1988ರ ಫ್ರೆಂಚ್ ಸಿನಿಮಾ 'ಕಮೀಯ್ ಕ್ಲೋದೆಲ್'. ನಾಯಿಕೆ ಇಸಾಬೆಲ್ ಅಜಾನಿ. ಶಿಲ್ಪ ಕಲಿಯುವ ತರುಣಿಯೊಬ್ಬಳು ರಾತ್ರಿಯ ಹೊತ್ತು ಪ್ಯಾರಿಸ್ಸಿನ ಹಳ್ಳವೊಂದಕ್ಕೆ ಇಳಿದು, ಕೈಯಿಂದ ಜೇಡಿಮಣ್ಣು ತೋಡಿ ಪೆಟ್ಟಿಗೆಗೆ ತುಂಬಿಕೊಳ್ಳುವಲ್ಲಿ ಕಥೆ ಮೊದಲಾಗುತ್ತದೆ. ಕಲಾವಿದ್ಯಾರ್ಥಿಯ ಹಸಿವನ್ನು ಇಷ್ಟು ನೇರವಾಗಿ ತೋರಿಸಿದ ದೃಶ್ಯಗಳು ವಿರಳ. ಅಂದಿನ ಪ್ಯಾರಿಸ್ಸಿನ ಸರಕಾರಿ ಕಲಾಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದುದು 1897ರಲ್ಲಿ. ಕಮೀಯ್ ಕಲಿತದ್ದು ಖಾಸಗಿ ಶಾಲೆಯೊಂದರಲ್ಲಿ. ಅನಂತರ ಮಹಾಶಿಲ್ಪಿ ರೊದಾನನ ಶಿಷ್ಯೆಯಾಗಿ, ಸಹಾಯಕಿಯಾಗಿ, ಪ್ರೇಯಸಿಯೂ ಆದಳು. ಆ ಪ್ರೇಮ ಮುರಿಯಿತು, ಮನಸ್ಸು ಕೆಟ್ಟಿತು. ಆಕೆಗೆ ಕಾಯಿಲೆಯಿದ್ದುದು ನಿಜ. ಆದರೆ ಮೊದಲಿನಿಂದಲೂ ಅವಳ ಪಕ್ಷ ವಹಿಸಿದ್ದ ತಂದೆ 1913ರ ಮಾರ್ಚಿಯಲ್ಲಿ ತೀರಿಕೊಂಡರು. ಒಂದೇ ವಾರದಲ್ಲಿ ಮನೆಯವರು ಆಕೆಯನ್ನು ಆಸ್ಪತ್ರೆಗೆ ಸೇರಿಸಿದರು. ಮನೆಗೆ ಕರೆದೊಯ್ಯಬಹುದೆಂದು ಮುಂದೆ ವೈದ್ಯರೇ ಸೂಚಿಸಿದಾಗಲೂ ತಾಯಿ ಒಪ್ಪಲಿಲ್ಲ. 1943ರಲ್ಲಿ ಕಣ್ಣುಮುಚ್ಚುವವರೆಗೆ ಮೂವತ್ತು ವರ್ಷ ಅಲ್ಲಿಯೇ ಕಳೆದಳು.

"ಈಗ ಹೇಳಿ," ಎಂದೆ, "ಆಕೆಯನ್ನು ಅಲ್ಲಿ ಕೂಡಿಹಾಕಿದುದು ಜೇಡಿಮಣ್ಣೋ, ಮನೆಯ ಬಾಗಿಲೋ?" ಮಿತ್ರರು ಉತ್ತರ ಕೊಡಲಿಲ್ಲ. ಆರಿಹೋಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಪರದೇಶದ ಮಾತೇಕೆ, ನಮ್ಮ ಕನ್ನಡದ್ದೇ ಒಂದು ಉದಾಹರಣೆಯಿದೆ. ಬಿ. ಎಸ್. ರಂಗಾ ಅವರು 1964ರಲ್ಲಿ ತೆರೆಗೆ ತಂದ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಕಲ್ಯಾಣಕುಮಾರ್, ಬಿ. ಸರೋಜಾದೇವಿ ಅದರ ತಾರೆಯರು. ಜಕಣಾಚಾರಿಯ ಐತಿಹ್ಯವೆಂದರೆ ನಮ್ಮ ಜನ ಬಲಗೈ ಕಡಿದುಕೊಂಡ ಸಂಗತಿಯನ್ನೇ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಸಂಗತಿ ಆ ತರುಣ ಡಂಕಣನದು. ವಿಗ್ರಹಕ್ಕೆ ಗಂಧ ಲೇಪಿಸಿದಾಗ ಎಲ್ಲ ಕಡೆಯೂ ಒಣಗಿ, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತಂತೆ. ಅಲ್ಲಿ ಕಲ್ಲು ಒಡೆದರೆ ನೀರೂ ಕಪ್ಪೆಯೂ ಹೊರಬಂದವಂತೆ. ಇತಿಹಾಸಕಾರರು ಇದನ್ನು ಒಪ್ಪಲಿ, ಬಿಡಲಿ. ಕಲಾವಿದ್ಯೆ ಎಂದರೇನೆಂಬುದನ್ನು ಈ ಕಥೆ ಚೆನ್ನಾಗಿ ಬಲ್ಲದು. ಎಲ್ಲರೂ ನೋಡಿದ ಕಲ್ಲಿನಲ್ಲಿ ಯಾರೂ ಕಾಣದುದನ್ನು ಕಾಣುವ ಕಣ್ಣೇ ಆ ವಿದ್ಯೆ. ಕೈ ಕಲಿಯುವುದು ಆಮೇಲೆ.

ಕಣ್ಣಿನ ಈ ಸಾಧನೆಯನ್ನೇ ಕಥಾವಸ್ತುವಾಗಿ ಮಾಡಿಕೊಂಡ ಸಿನಿಮಾ ಒಂದುಂಟು. ಸ್ಪೇನಿನ ವಿಕ್ತೋರ್ ಎರಿಸೆ 1992ರಲ್ಲಿ ತೆಗೆದ 'ಎಲ್ ಸೋಲ್ ದೆಲ್ ಮೆಂಬ್ರಿಯೊ'. ಇದರಲ್ಲಿ ನಟರಿಲ್ಲ, ಆಂಟೋನಿಯೊ ಲೋಪೆಸ್ ಎಂಬ ನಿಜವಾದ ಚಿತ್ರಕಾರ ಮ್ಯಾಡ್ರಿಡ್ಡಿನ ತನ್ನ ಅಂಗಳದಲ್ಲಿ ಕ್ವಿನ್ಸ್ ಎಂಬ ಹಳದಿ ಹಣ್ಣಿನ ಗಿಡವನ್ನು ಬರೆಯುತ್ತಾನೆ, ಅಷ್ಟೆ. ದಿನವೂ ಒಂದೇ ಜಾಗದಲ್ಲಿ ನಿಲ್ಲಬೇಕೆಂದು ಪಾದದ ಬಳಿ ನೆಲಕ್ಕೆ ಮೊಳೆ ಹೊಡೆಯುತ್ತಾನೆ, ತೂಗುದಾರ ಕಟ್ಟುತ್ತಾನೆ, ಹಣ್ಣು ಎಷ್ಟು ಜಗ್ಗಿತೆಂದು ತಿಳಿಯಲು ಎಲೆ, ಹಣ್ಣುಗಳ ಮೇಲೆ ಬಿಳಿಯ ಗುರುತು ಹಾಕುತ್ತಾನೆ. ಮಳೆ ಹಿಡಿಯುತ್ತದೆ, ಬಿಸಿಲು ಓಡಿಹೋಗುತ್ತದೆ. ತೈಲವರ್ಣವನ್ನು ಕೈಬಿಟ್ಟು ಪೆನ್ಸಿಲ್ ಹಿಡಿಯುತ್ತಾನೆ. ಅದೂ ಮುಗಿಯುವ ಮುನ್ನ ಹಣ್ಣುಗಳು ಉದುರುತ್ತವೆ. ಕಲಾಶಾಲೆಯ ಕಾಲದ ಸಹಪಾಠಿಯೊಬ್ಬ ಬಂದು, ಇಬ್ಬರೂ ವಿದ್ಯಾರ್ಥಿ ದೆಸೆಯ ದಿನಗಳನ್ನು ನೆನೆಯುವ ಭಾಗವಂತೂ ಹಿತವಾಗಿದೆ. ಇಬ್ಬರೂ ವಯಸ್ಸಾದವರು, ಇಬ್ಬರೂ ಇನ್ನೂ ಕಲಿಯುತ್ತಿರುವವರೇ.

"ಅಷ್ಟು ಮಾಡಿಯೂ ಚಿತ್ರ ಮುಗಿಯಲಿಲ್ಲವೆ?" ಎಂದು ಕೇಳಿದರು ಮಿತ್ರರು. ಮುಗಿಯಲಿಲ್ಲ. "ಹಾಗಾದರೆ ಹೊಟ್ಟೆಪಾಡು?"

ತಂದೆಯಾದವನು ಕೇಳಲೇಬೇಕಾದ ಪ್ರಶ್ನೆ. ಆಣೆಯಿಟ್ಟು ಭರವಸೆ ಕೊಡಲು ನಾನು ಯಾರು? ಬಲ್ಲ ಒಂದು ಸಂಗತಿಯನ್ನು ಮಾತ್ರ ಹೇಳಿದೆ. 1940ರಲ್ಲಿ ಕಲ್ಕತ್ತೆಯ ಯುವಕನೊಬ್ಬ, ಅರ್ಧ ಮನಸ್ಸಿನಿಂದ, ತಾಯಿಯ ಒತ್ತಾಯಕ್ಕೆ ಶಾಂತಿನಿಕೇತನದ ಕಲಾಭವನ ಸೇರಿದ. ಎರಡು ವರ್ಷ ಕಳೆದ ಮೇಲೆ, ಶಿಕ್ಷಣ ಪೂರ್ತಿಯಾಗುವ ಮುನ್ನವೇ ಬಿಟ್ಟುಬಂದ. ಜಾಹೀರಾತು ಸಂಸ್ಥೆಯಲ್ಲಿ ಕೆಲಸ ಹಿಡಿದ, ಪುಸ್ತಕಗಳಿಗೆ ಮುಖಪುಟ ಬರೆದ. ಬಂಗಾಳಿ ಕಾದಂಬರಿಯೊಂದರ ಮಕ್ಕಳ ಸಂಗ್ರಹಕ್ಕೆ ಚಿತ್ರ ಬರೆಯುತ್ತಿದ್ದಾಗ ಆ ಕಥೆ ಮನಸ್ಸಿನಲ್ಲಿ ನೆಟ್ಟುಕೊಂಡಿತು. 1955ರಲ್ಲಿ ಅದೇ 'ಪಥೇರ್ ಪಾಂಚಾಲಿ' ಆಯಿತು. ಆತ ಸತ್ಯಜಿತ್ ರಾಯ್. ಚಿತ್ರಕಾರನಾಗಲಿಲ್ಲ, ಆದರೆ ಕಲಾಶಾಲೆಯಲ್ಲಿ ಪಡೆದ ಕಣ್ಣನ್ನು ಕಳೆದುಕೊಳ್ಳಲೂ ಇಲ್ಲ. 1972ರಲ್ಲಿ ತನಗೆ ಅಲ್ಲಿ ಕಲಿಸಿದ ಗುರು ಬಿನೋದ್ ಬಿಹಾರಿ ಮುಖರ್ಜಿಯವರನ್ನು ಕುರಿತು 'ದಿ ಇನ್ನರ್ ಐ' ಎಂಬ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ತೆಗೆದರು. ಹುಟ್ಟಿನಿಂದಲೇ ದೃಷ್ಟಿ ಮಂದವಾಗಿದ್ದ ಆ ಗುರು, ಮುಂದೆ ಶಸ್ತ್ರಚಿಕಿತ್ಸೆ ಫಲಿಸದೆ ಪೂರ್ತಿ ಕುರುಡರಾದರು. ಆಮೇಲೂ ಬೆರಳಿನಿಂದಲೇ ತಡವಿ ಆಕಾರ ಮಾಡಿದರು. ಹೆಂಚಿನ ಬಿಲ್ಲೆಗಳ ಭಿತ್ತಿಚಿತ್ರವನ್ನೂ ರಚಿಸಿದರು. ಶಿಷ್ಯ ಅಲ್ಲಿ ಕರುಣಾರಸ ಹಿಂಡಲಿಲ್ಲ. ಗುರುವಿನ ಕೈಗಳ ಕೆಲಸವನ್ನು ನಮಗೆ ತೋರಿಸಿದರು.

ನನ್ನ ಮಿತ್ರರನ್ನು ಬೀಳ್ಕೊಡುವಾಗ ಒಂದು ಮಾತು ಹೇಳಿದೆ: "ಸಿನಿಮಾದ ಕೊನೆಯನ್ನು ನೋಡಿ ಮಗಳ ಭವಿಷ್ಯ ಅಳೆಯಬೇಡಿ. ಆಕೆ ದಿನಕ್ಕೆ ಎಷ್ಟು ಹೊತ್ತು ಗೆರೆ ಎಳೆಯುತ್ತಾಳೆ? ಚಿತ್ರ ಕೆಟ್ಟರೆ ಏನು ಮಾಡುತ್ತಾಳೆ? ಅದನ್ನು ನೋಡಿ." ಅವರು ತಲೆ ತಗ್ಗಿಸಿದರು. ಅವರಿಗೆ ತಿಳಿಯದು.

ಗುರುವಾರ ರಾತ್ರಿ ಅವರದೇ ದೂರವಾಣಿ ಕರೆ. "ಅವಳ ಮೇಜಿನ ಕೆಳಗೆ ಮೂರು ಪುಸ್ತಕಗಳಿದ್ದವು. ತೋರಿಸಮ್ಮಾ ಎಂದೆ. ನನ್ನ ಚಪ್ಪಲಿಯನ್ನು ಹದಿನೇಳು ಸಲ ಬರೆದಿದ್ದಾಳೆ, ಎಣಿಸಿದೆ. ಮೊದಲನೆಯದು ಚಪ್ಪಲಿಯ ಹಾಗೇ ಇಲ್ಲ. ಕೊನೆಯದರಲ್ಲಿ ಎಡಗಾಲಿನ ಹಿಮ್ಮಡಿ ಸವೆದಿರುವುದು ಕಾಣುತ್ತದೆ. ಅದು ಸವೆದಿದೆಯೆಂದು ನನಗೇ ಗೊತ್ತಿರಲಿಲ್ಲ."

ಅರ್ಜಿಗೆ ರುಜು ಹಾಕಿದಿರಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಇನ್ನೂ ಆರು ದಿನವಿದೆ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಣ್ಣಿನ ಗಿಡದ ಸಿನಿಮಾದ ಹೆಸರೇನೆಂದಿರಿ? ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತೇನೆ. ಈ ಭಾನುವಾರ ಅಪ್ಪ, ಮಗಳು ಇಬ್ಬರೂ ಕುಳಿತು ನೋಡಬೇಕೆಂದಿದ್ದೇವೆ," ಎಂದರು.