ರಿಪೋರ್ಟ್ ತುಂಬಾ 'ಆರ್'

ಕಲ್ಚರ್ ರಿಪೋರ್ಟ್ ಯಾವತ್ತಾದ್ರೂ ನೋಡಿದ್ದೀರಾ? ಒಂದು ಕಡೆ ಆ್ಯಂಟಿಬಯಾಟಿಕ್‌ಗಳ ಹೆಸರು, ಪಕ್ಕದಲ್ಲಿ 'ಎಸ್' ಇಲ್ಲವೇ 'ಆರ್'. ಎಸ್ ಅಂದ್ರೆ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುತ್ತೆ, ಆರ್ ಅಂದ್ರೆ ಜಪ್ಪಯ್ಯ ಅಂದ್ರೂ ಬಗ್ಗಲ್ಲ.

ಹೋದ ವರ್ಷ ಚಿಕ್ಕಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡ್ರು. ಆಪರೇಷನ್ ಚೆನ್ನಾಗೇ ಆಯ್ತು. ಆಮೇಲೆ ಉಸಿರಾಟಕ್ಕೆ ಕಷ್ಟವಾಗಿ ವೆಂಟಿಲೇಟರ್ ಹಾಕಿದ್ರು, ಆರನೇ ದಿನ ಜ್ವರ. ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ. ಮೆರೊಪೆನೆಮ್ ಸೇರಿ ಸಾಲಾಗಿ ಆರ್, ಆರ್, ಆರ್. ಕೊಲಿಸ್ಟಿನ್ ಮುಂದೆ ಮಾತ್ರ 'ಐ', ಅಂದ್ರೆ ಕೆಲಸ ಮಾಡಿದ್ರೆ ಪುಣ್ಯ.

ಈ ಕೊಲಿಸ್ಟಿನ್, ಕಿಡ್ನಿಗೆ ಪೆಟ್ಟು ಅಂತ 1970ರ ದಶಕದಲ್ಲೇ ಬಹುಪಾಲು ಮೂಲೆಗೆ ಸರಿಸಿದ್ದ ಔಷಧಿ. ಬೇರೆ ದಾರಿಯಿಲ್ಲದೆ ಮತ್ತೆ ಹೊರಗೆ ಬಂದಿದೆ. ಚಿಕ್ಕಪ್ಪನ ಎದೆ ತಿಳಿಯಾಗ್ತಾ ಬಂದ ಹಾಗೆ ಕ್ರಿಯಾಟಿನಿನ್ ಏರ್ತಾ ಹೋಯ್ತು. ಚಿಕ್ಕಮ್ಮ ದಿನಾ ಮೂತ್ರದ ಚೀಲದ ಗೆರೆ ನೋಡ್ತಾ ಕೂತಿರೋರು. ಮೂರು ಸಲ ಡಯಾಲಿಸಿಸ್ ಆದ ಮೇಲೆ ಮನೆಗೆ ಬಂದ್ರು.

ಕ್ಲೆಬ್ಸಿಯೆಲ್ಲಾ ಅಂದ್ರೆ ಎಲ್ಲಿಂದಲೋ ಬಂದ ಭೂತ ಅಲ್ಲ. ಆರೋಗ್ಯವಂತರ ಕರುಳಲ್ಲೂ ಸುಮ್ಮನೆ ಇರುತ್ತೆ. ಗಂಟಲಿಗೆ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್ ಹಾಕಿದಾಗ ಒಳಗೆ ಹೋಗೋಕೆ ದಾರಿ ಸಿಗುತ್ತೆ. ಜೊತೆಗೆ, ಔಷಧಿಯನ್ನೇ ಮುರಿದು ಹಾಕೋ ಜೀನನ್ನ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ವಾಟ್ಸ್‌ಆ್ಯಪ್ ಫಾರ್ವರ್ಡ್ ಥರ ದಾಟಿಸುತ್ತೆ. ಅಂಥದ್ದೊಂದು ಜೀನ್ 2008ರಲ್ಲಿ ಸ್ವೀಡನ್‌ನಲ್ಲಿ, ದಿಲ್ಲಿಯಿಂದ ಮರಳಿದ ರೋಗಿಯೊಬ್ಬರಲ್ಲಿ ಸಿಕ್ತು. ಅದಕ್ಕೆ 'ನ್ಯೂ ಡೆಲ್ಲಿ' ಹೆಸರಿಟ್ಟಿದ್ದಕ್ಕೆ ನಮ್ಮಲ್ಲಿ ದೊಡ್ಡ ಗಲಾಟೆಯೇ ಆಯ್ತು. ಹೆಸರಿನ ಬಗ್ಗೆ ಆದಷ್ಟು ಸಿಟ್ಟು ಕೈ ತೊಳೆಯೋ ಬೇಸಿನ್ ಬಗ್ಗೆ ಯಾರಿಗೂ ಬಂದಂತಿಲ್ಲ.

ಯಾಕಂದ್ರೆ ವಾರ್ಡಲ್ಲಿ ಇದು ಹಾಸಿಗೆಯಿಂದ ಹಾಸಿಗೆಗೆ ಹೋಗೋದು ಹೆಚ್ಚಾಗಿ ಕೈಗಳ ಮೇಲೆ. ನರ್ಸ್, ಡಾಕ್ಟರ್ ಕೈ ಅಷ್ಟೇ ಅಲ್ಲ, ನಮ್ಮದೂ. 'ನೋಡ್ಕೊಂಡು ಹೋಗೋಣ' ಅಂತ ಎಳನೀರು ಹಿಡ್ಕೊಂಡು ಬರ್ತೀವಿ, ಮಂಚದ ಮೇಲೇ ಕೂರ್ತೀವಿ, ಕಂಬಿ ಮುಟ್ತೀವಿ, ಅದೇ ಕೈಯಲ್ಲಿ ಫೋನು. ಬಾಗಿಲ ಹತ್ತಿರ ತೂಗುಹಾಕಿರೋ ಸ್ಯಾನಿಟೈಸರ್ ಹೋಗುವಾಗಲೂ ಬರುವಾಗಲೂ ಹಚ್ಕೊಳ್ಳೋಕಿರೋದು.

ನಿಮ್ಮವರು ಐಸಿಯುನಲ್ಲಿದ್ರೆ ರೌಂಡ್ಸ್‌ಗೆ ಬಂದ ಡಾಕ್ಟರನ್ನ ದಿನಾ ಒಂದು ಪ್ರಶ್ನೆ ಕೇಳಿ: "ಸರ್, ಈ ಕ್ಯಾಥೆಟರ್ ಇವತ್ತು ತೆಗೀಬಹುದಾ?" ಟ್ಯೂಬ್ ಒಳಗಿದ್ದಷ್ಟು ದಿನ ಸೋಂಕಿನ ಅಪಾಯ ಏರ್ತಾನೇ ಇರುತ್ತೆ. ಚಿಕ್ಕಮ್ಮ ನಾಲ್ಕು ದಿನ ಬಿಡದೆ ಕೇಳಿದ್ರು. ಐದನೇ ದಿನ ತೆಗೆದ್ರು.